‘ಪಡೆಯಬಹುದಾದ’ ಎಂಬ ಪದದ ಬೆಲೆ: ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಪೇಟೆಂಟ್, ಒಂದು ಪ್ರಕರಣ ಅಧ್ಯಯನ

ಪೇಟೆಂಟ್ ಕ್ಲೇಮಿನೊಳಗೆ, ಅಂದರೆ ಯಾವುದಕ್ಕೆ ಹಕ್ಕು ಬೇಕೆಂದು ಅರ್ಜಿದಾರರು ಬರೆಯುವ ವಾಕ್ಯದೊಳಗೆ, ತಯಾರಿಕಾ ಹಂತಗಳು ಬಂದರೆ ಅವು ಎರಡರಲ್ಲಿ ಒಂದು ಕೆಲಸ ಮಾಡುತ್ತಿರುತ್ತವೆ. ಒಂದೋ ಆ ಹಂತಗಳೇ ಆವಿಷ್ಕಾರ. ಇಲ್ಲವೇ ಆವಿಷ್ಕಾರ ಒಂದು ವಸ್ತು, ಆ ವಸ್ತು ಯಾವುದೆಂದು ತೋರಿಸಲು ಬೇರೆ ಮಾತು ಸಿಗದೆ ಹಂತಗಳನ್ನು ಹೇಳಲಾಗಿದೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಏನನ್ನು ಹೊಸತೆಂದು ಹುಡುಕಬೇಕು, ಮುಂದೆ ನ್ಯಾಯಾಲಯ ಯಾರನ್ನು ಉಲ್ಲಂಘಕರೆನ್ನಬೇಕು ಎಂಬ ಎರಡೂ ಪ್ರಶ್ನೆಗಳು ಇದರ ಮೇಲೆ ನಿಂತಿವೆ. ಇದನ್ನು ಅರ್ಜಿ ಬರೆಯುವಾಗಲೇ ತೀರ್ಮಾನಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಾರತೀಯ ಪೇಟೆಂಟ್ ಸಂಖ್ಯೆ 221536ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವಸ್ತು: ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್. ಕಬ್ಬಿಣದ ಕೊರತೆಯಿಂದಾಗುವ ರಕ್ತಹೀನತೆಗೆ ರಕ್ತನಾಳದ ಮೂಲಕ ಕೊಡುವ ಚುಚ್ಚುಮದ್ದು. ಪೇಟೆಂಟುದಾರರು ವೀಫೋರ್ ಇಂಟರ್‌ನ್ಯಾಷನಲ್. ಆದ್ಯತಾ ದಿನಾಂಕ (ಹೊಸತನವನ್ನು ಅಳೆಯುವ ದಿನ) 2002ರ ಅಕ್ಟೋಬರ್, ಅಂತರರಾಷ್ಟ್ರೀಯ ಅರ್ಜಿಯ ದಿನಾಂಕ 2003ರ ಅಕ್ಟೋಬರ್ 20. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಪೇಟೆಂಟ್ ಮುಗಿದದ್ದು 2023ರ ಅಕ್ಟೋಬರ್ 20ಕ್ಕೆ. ಎಂಎಸ್‌ಎನ್ ಲ್ಯಾಬೊರೇಟರೀಸ್ ಸೇರಿ ಕೆಲವು ಭಾರತೀಯ ಕಂಪನಿಗಳ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಲಾಯಿತು. ತಯಾರಿಸುವ ನಮ್ಮ ದಾರಿಯೇ ಬೇರೆ ಎಂಬುದು ಪ್ರತಿವಾದಿಗಳ ಮುಖ್ಯ ಉತ್ತರ.

ಜಗಳದ ಮೂಲ ಕ್ಲೇಮ್ 1. ಅದರ ಸಾರ ಕನ್ನಡದಲ್ಲಿ ಹೀಗೆ: ಫೆರಿಕ್ ಲವಣದ ಜಲದ್ರಾವಣ ಮತ್ತು, ಕ್ಷಾರೀಯ ಪಿಎಚ್‌ನಲ್ಲಿ ಹೈಪೋಕ್ಲೋರೈಟ್ ಜಲದ್ರಾವಣದಿಂದ ಉತ್ಕರ್ಷಿಸಿದ (ಆಕ್ಸಿಡೈಸ್ ಮಾಡಿದ) ಒಂದು ಅಥವಾ ಹೆಚ್ಚು ಮಾಲ್ಟೋಡೆಕ್ಸ್‌ಟ್ರಿನ್‌ಗಳ ಜಲದ್ರಾವಣ, ಇವೆರಡರಿಂದ ಪಡೆಯಬಹುದಾದ, ನೀರಿನಲ್ಲಿ ಕರಗುವ ಕಬ್ಬಿಣ–ಕಾರ್ಬೋಹೈಡ್ರೇಟ್ ಸಂಕೀರ್ಣ. ಒಂದೇ ಮಾಲ್ಟೋಡೆಕ್ಸ್‌ಟ್ರಿನ್ ಬಳಸಿದರೆ ಅದರ ಡೆಕ್ಸ್‌ಟ್ರೋಸ್ ಸಮಾನಾಂಕ 5ರಿಂದ 20. ಮಿಶ್ರಣವಾದರೆ ಒಟ್ಟು ಮಿಶ್ರಣದ್ದು 5ರಿಂದ 20, ಬಿಡಿಬಿಡಿಯಾಗಿ ಒಂದೊಂದರದ್ದು 2ರಿಂದ 40. ಸಂಕೀರ್ಣದ ಸರಾಸರಿ ಅಣುತೂಕ 80ರಿಂದ 400 ಕಿಲೋಡಾಲ್ಟನ್. (ಮಾಲ್ಟೋಡೆಕ್ಸ್‌ಟ್ರಿನ್ ಎಂದರೆ ಪಿಷ್ಟವನ್ನು ತುಂಡರಿಸಿದ ಗ್ಲೂಕೋಸ್ ಸರಪಳಿ; ಡೆಕ್ಸ್‌ಟ್ರೋಸ್ ಸಮಾನಾಂಕ ಹೆಚ್ಚಿದಷ್ಟೂ ಸರಪಳಿ ಗಿಡ್ಡ.)

ಇದನ್ನು ಓದಿದ ಯಾರಿಗಾದರೂ ಮೊದಲು ಕಾಣುವುದು ಪಾಕವಿಧಾನ. ಆದರೆ ವಾಕ್ಯದ ವ್ಯಾಕರಣ ನೋಡಿ. ಕರ್ತೃಸ್ಥಾನದಲ್ಲಿರುವುದು ‘ಸಂಕೀರ್ಣ’, ಉಳಿದದ್ದೆಲ್ಲ ಅದರ ವಿಶೇಷಣ. ‘ಪ್ರಕ್ರಿಯೆ’ ಎಂಬ ಮಾತೇ ಅಲ್ಲಿಲ್ಲ. ಅಂತರರಾಷ್ಟ್ರೀಯ ಅರ್ಜಿಯಲ್ಲಿ ಅದೇ ಸಂಕೀರ್ಣವನ್ನು ತಯಾರಿಸುವ ಪ್ರಕ್ರಿಯೆಗೆ ಬೇರೆಯೇ ಕ್ಲೇಮ್ ಇತ್ತು. ಹೀಗೆ ಒಂದೇ ಕಡತದಲ್ಲಿ ಎರಡೂ ಬಗೆಯವು ಇದ್ದಾಗ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ತಪ್ಪು. ಪ್ರಾಯೋಗಿಕವಾಗಿ ಅತಿ ಹೆಚ್ಚು ಎಡವುವುದು ಇಲ್ಲೇ.

ಪಾತ್ರೆಯೊಳಗೆ ನಡೆಯುವುದು

ಕಾನೂನಿಗೆ ಮೊದಲು ರಸಾಯನ ನೋಡೋಣ. ಪ್ರಕ್ರಿಯೆ ಉತ್ಪನ್ನದ ಮೇಲೆ ಗುರುತು ಬಿಟ್ಟಿದೆಯೇ ಎಂಬುದನ್ನು ತಿಳಿಯದೆ ಈ ಕ್ಲೇಮಿನ ಹೊಸತನವನ್ನು ಅಳೆಯಲು ಬರುವುದಿಲ್ಲ.

ನಿರೂಪಣೆಯ, ಅಂದರೆ ಆವಿಷ್ಕಾರವನ್ನು ವಿವರಿಸುವ ಪೇಟೆಂಟ್ ದಾಖಲೆಯ, ಮೊದಲ ಉದಾಹರಣೆ ಹೀಗಿದೆ. ಡೆಕ್ಸ್‌ಟ್ರೋಸ್ ಸಮಾನಾಂಕ 9.6 ಇರುವ 100 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಅನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 300 ಮಿಲಿಲೀಟರ್ ನೀರಿಗೆ ಕಲಸಬೇಕು. ಪಿಎಚ್ 10ರಲ್ಲಿ 30 ಗ್ರಾಂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ (ಸಕ್ರಿಯ ಕ್ಲೋರಿನ್ ಶೇ. 14ರಿಂದ 16) ಸೇರಿಸಿ ಉತ್ಕರ್ಷಿಸಬೇಕು. ಶೇ. 12ರಷ್ಟು ಕಬ್ಬಿಣವಿರುವ 352 ಗ್ರಾಂ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಕದಡುತ್ತ ಅದಕ್ಕೆ ಮೊದಲು ಉತ್ಕರ್ಷಿತ ದ್ರಾವಣವನ್ನೂ ಆಮೇಲೆ ಶೇ. 17.3ರ 554 ಗ್ರಾಂ ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನೂ ಸುರಿಯಬೇಕು. ಕಾಸ್ಟಿಕ್ ಸೋಡಾದಿಂದ ಪಿಎಚ್ 11ಕ್ಕೆ ಏರಿಸಿ 50 ಡಿಗ್ರಿಯಲ್ಲಿ 30 ನಿಮಿಷ. ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 5–6ಕ್ಕೆ ಇಳಿಸಿ 50 ಡಿಗ್ರಿಯಲ್ಲಿ ಮತ್ತೆ 30 ನಿಮಿಷ, ನಂತರ 97–98 ಡಿಗ್ರಿಯಲ್ಲಿ 30 ನಿಮಿಷ. ತಣ್ಣಗಾದ ಮೇಲೆ ಪಿಎಚ್ 6–7ಕ್ಕೆ ತಂದು, ಸೋಸಿ, ಎಥನಾಲ್‌ ಸೇರಿಸಿ ಘನವಾಗಿ ಬೇರ್ಪಡಿಸಿ, 50 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿದರೆ 125 ಗ್ರಾಂ ಪುಡಿ. ಅದರಲ್ಲಿ ಕಬ್ಬಿಣ ಶೇ. 29.3, ಅಣುತೂಕ 271 ಕಿಲೋಡಾಲ್ಟನ್.

ಇಳುವರಿ ಶೇ. 87 ಎಂದಿದೆ. ತಾಳೆ ನೋಡಬಹುದು: ಒಳಗೆ ಹೋದ ಕಬ್ಬಿಣ 352ರ ಶೇ. 12, ಅಂದರೆ 42.2 ಗ್ರಾಂ. ಹೊರಬಂದದ್ದು 125ರ ಶೇ. 29.3, ಅಂದರೆ 36.6 ಗ್ರಾಂ. ಸರಿಯಾಗಿ ಶೇ. 87. ಇಳುವರಿ ಕಬ್ಬಿಣದ ಲೆಕ್ಕದ್ದು. ಉದಾಹರಣೆಗಳ ಅಂಕಿಗಳನ್ನು ಹೀಗೆ ಕೂಡಿ ಕಳೆದು ನೋಡುವುದು ಪರೀಕ್ಷಕರಿಗೂ ಎದುರಾಳಿಗೂ ಒಳ್ಳೆಯ ಅಭ್ಯಾಸ. ತಾಳೆಯಾಗದ ಉದಾಹರಣೆ ಇಡೀ ನಿರೂಪಣೆಯ ಮೇಲೆ ಅನುಮಾನ ತರುತ್ತದೆ.

ಇದಕ್ಕಿಂತ ಮುಖ್ಯವಾದ ಲೆಕ್ಕ ಹೈಪೋಕ್ಲೋರೈಟಿನದು. ಡೆಕ್ಸ್‌ಟ್ರೋಸ್ ಸಮಾನಾಂಕ 9.6 ಎಂದರೆ 100 ಗ್ರಾಂ ಪುಡಿಯ ಅಪಕರ್ಷಕ ಶಕ್ತಿ 9.6 ಗ್ರಾಂ ಗ್ಲೂಕೋಸಿನಷ್ಟು. 180ರಿಂದ ಭಾಗಿಸಿದರೆ ಸರಪಳಿಯ ತುದಿಯಲ್ಲಿರುವ ಆಲ್ಡಿಹೈಡ್ ಗುಂಪುಗಳು ಸುಮಾರು 0.053 ಮೋಲ್. 30 ಗ್ರಾಂ ದ್ರಾವಣದಲ್ಲಿ ಸಕ್ರಿಯ ಕ್ಲೋರಿನ್ 4.2ರಿಂದ 4.8 ಗ್ರಾಂ, ಅಂದರೆ 0.059ರಿಂದ 0.068 ಮೋಲ್. ತುದಿಯ ಗುಂಪುಗಳಿಗೆ ಹೋಲಿಸಿದರೆ 1.1ರಿಂದ 1.3 ಪಾಲು. ಒಂದೊಂದು ಸರಪಳಿಯ ತುದಿಯನ್ನು ಕಾರ್ಬಾಕ್ಸಿಲ್ (ಆಮ್ಲದ ಗುಂಪು) ಮಾಡಲು ಬೇಕಾದಷ್ಟು, ಮೇಲೆ ಸ್ವಲ್ಪ. ಇದರ ಹಲವು ಪಟ್ಟು ಸುರಿದರೆ ಹೈಪೋಕ್ಲೋರೈಟ್ ತುದಿಯಲ್ಲಿ ನಿಲ್ಲುವುದಿಲ್ಲ. ಸರಪಳಿಯ ನಡುವಿನ ಉಂಗುರಗಳನ್ನೂ ಒಡೆದು ಕಾರ್ಬಾಕ್ಸಿಲ್ ಮಾಡುತ್ತದೆ. ಆಗ ಹೊರಬರುವುದು ಬೇರೆಯೇ ಲಿಗ್ಯಾಂಡ್ (ಕಬ್ಬಿಣಕ್ಕೆ ಅಂಟಿಕೊಳ್ಳುವ ಅಣು).

ಹಾಗಾಗಿ ‘ಹೈಪೋಕ್ಲೋರೈಟಿನಿಂದ ಉತ್ಕರ್ಷಿಸಿದ’ ಎಂಬ ಮಾತು ಉತ್ಪನ್ನದ ರಚನೆಗೆ ಬಿಟ್ಟ ಗುರುತು ತುದಿಯ ಕಾರ್ಬಾಕ್ಸಿಲ್. ‘5ರಿಂದ 20’ ಸರಪಳಿಯ ಉದ್ದವನ್ನು ಹೇಳುತ್ತದೆ; 9.6ಕ್ಕೆ ಸರಾಸರಿ ಹತ್ತು ಹನ್ನೊಂದು ಗ್ಲೂಕೋಸ್ ಘಟಕ. ಅಣುತೂಕದ ಮಿತಿ ನೇರವಾಗಿ ಉತ್ಪನ್ನದ್ದೇ. ಆದರೆ ‘ಜಲದ್ರಾವಣ’, ‘ಕ್ಷಾರೀಯ’ ಎಂಬ ಮಾತುಗಳು ಕೊನೆಯ ಪುಡಿಯಲ್ಲಿ ಪತ್ತೆಹಚ್ಚಬಲ್ಲ ಯಾವ ಗುರುತನ್ನೂ ಬಿಡುವುದಿಲ್ಲ. ಹೊಸತನದ ಪರೀಕ್ಷೆಯಲ್ಲಿ ಗುರುತು ಬಿಟ್ಟ ಮಾತಿಗೆ ತೂಕವಿದೆ, ಬಿಡದ ಮಾತಿಗೆ ಇಲ್ಲ.

ವಸ್ತುವೆಂದು ಓದಿದರೆ

1985ರ ಒಂದು ಅಮೆರಿಕನ್ ತೀರ್ಪು ಈ ತತ್ತ್ವವನ್ನು ಯಾವುದೇ ದೇಶದ ಪರೀಕ್ಷಕರಿಗೂ ಅರ್ಥವಾಗುವಂತೆ ಹೇಳುತ್ತದೆ. ಥೋರ್ಪ್ ಪ್ರಕರಣ. ಕಾರ್ಬನ್ ಇಲ್ಲದ ನಕಲು ಕಾಗದಕ್ಕೆ ಬಣ್ಣ ಬರಿಸುವ ನೊವೊಲ್ಯಾಕ್ ರಾಳ. ಹಳೆಯ ದಾರಿಯಲ್ಲಿ ಮೊದಲೇ ತಯಾರಾದ, ದುಬಾರಿಯಾದ ಲೋಹದ ಕಾರ್ಬಾಕ್ಸಿಲೇಟ್ ಹಾಕುತ್ತಿದ್ದರು. ಥೋರ್ಪ್ ಲೋಹದ ಆಕ್ಸೈಡ್ ಮತ್ತು ಕಾರ್ಬಾಕ್ಸಿಲಿಕ್ ಆಮ್ಲವನ್ನು ಬೇರೆ ಬೇರೆಯಾಗಿ ಹಾಕಿದರು. ಕಾರ್ಬಾಕ್ಸಿಲೇಟ್ ಪಾತ್ರೆಯೊಳಗೇ ಹುಟ್ಟಿತು. ಪ್ರಕ್ರಿಯೆಯ ಕ್ಲೇಮುಗಳು ದಕ್ಕಿದವು. ‘ಈ ಪ್ರಕ್ರಿಯೆಯಿಂದ ಬಂದ ರಾಳ’ ಎಂಬ ಕ್ಲೇಮ್ ದಕ್ಕಲಿಲ್ಲ. ಎರಡೂ ದಾರಿಯ ಕೊನೆಯಲ್ಲಿರುವುದು ಅದೇ ಕಾರ್ಬಾಕ್ಸಿಲೇಟ್ ಇರುವ ಅದೇ ರಾಳ. ಹೊಸ ದಾರಿಯಲ್ಲಿ ಬಂದ ಮಾತ್ರಕ್ಕೆ ಹಳೆಯ ಊರು ಹೊಸ ಊರಾಗುವುದಿಲ್ಲ. ಇಂಗ್ಲೆಂಡಿನಲ್ಲಿ 2004ರ ಕಿರಿನ್-ಆಮ್ಜೆನ್ ತೀರ್ಪು ಇದೇ ನಿಲುವಿಗೆ ಬಂತು. ಯುರೋಪಿಯನ್ ಪೇಟೆಂಟ್ ಕಚೇರಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ‘ಪಡೆದ’ ಎಂದು ಬರೆದರೂ ‘ಪಡೆಯಬಹುದಾದ’ ಎಂದು ಬರೆದರೂ ಅಂಥ ಕ್ಲೇಮನ್ನು ವಸ್ತುವಿನ ಕ್ಲೇಮ್ ಎಂದೇ ಓದುತ್ತದೆ. ವಸ್ತುವನ್ನು ರಚನೆಯಿಂದಲೋ ಗುಣದಿಂದಲೋ ಹೇಳಲು ಸಾಧ್ಯವಿಲ್ಲದಾಗ ಮಾತ್ರ ಆ ರೂಪಕ್ಕೆ ಒಪ್ಪುತ್ತದೆ.

ಈ ಕೊನೆಯ ಷರತ್ತು ನಮ್ಮ ಪ್ರಕರಣಕ್ಕೆ ಹೊಂದುತ್ತದೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೇ ಅಣುಸೂತ್ರದ ವಸ್ತುವಲ್ಲ. ನಡುವೆ ಕಬ್ಬಿಣದ ಹೈಡ್ರಾಕ್ಸೈಡಿನ ತಿರುಳು, ಸುತ್ತ ಬೇರೆ ಬೇರೆ ಉದ್ದದ ಸಕ್ಕರೆಯ ಸರಪಳಿಗಳು. ಅಣುತೂಕವೂ ಸರಾಸರಿಯೇ. ಇಂಥದ್ದನ್ನು ಹೇಳಲು ತಯಾರಿಕೆಯ ಭಾಷೆ ಬಳಸಿದರೆ ಅದನ್ನು ಸೋಮಾರಿತನ ಎನ್ನಲಾಗದು.

ಭಾರತದ ಪೇಟೆಂಟ್ ಕಾಯ್ದೆಯ ಮೆಟ್ಟಿಲುಗಳಿಗೆ ಬಂದರೆ, ಕಲಂ 2(1)(ಜೆ) ಪ್ರಕಾರ ಆವಿಷ್ಕಾರವೆಂದರೆ ಆವಿಷ್ಕಾರದ ಹೆಜ್ಜೆಯುಳ್ಳ, ಕೈಗಾರಿಕೆಯಲ್ಲಿ ಬಳಸಬಲ್ಲ ಹೊಸ ಉತ್ಪನ್ನ ಅಥವಾ ಪ್ರಕ್ರಿಯೆ. ‘ಅಥವಾ’ ಎಂಬುದನ್ನು ಗಮನಿಸಿ. ಮೂರನೆಯ ಜಾತಿ ಇಲ್ಲ. ವಸ್ತುವೆಂದು ಓದಿದರೆ ಪರೀಕ್ಷಕರು ಕೇಳಬೇಕಾದದ್ದು: ತುದಿಯಲ್ಲಿ ಕಾರ್ಬಾಕ್ಸಿಲ್ ಇರುವ, ಈ ಉದ್ದದ ಸರಪಳಿಯ, 80ರಿಂದ 400 ಕಿಲೋಡಾಲ್ಟನ್ನಿನ ಕಬ್ಬಿಣದ ಸಂಕೀರ್ಣ 2002ಕ್ಕೆ ಮೊದಲು ಇತ್ತೇ? ಕಬ್ಬಿಣ–ಡೆಕ್ಸ್‌ಟ್ರಾನ್, ಕಬ್ಬಿಣ–ಸುಕ್ರೋಸ್, ಕಬ್ಬಿಣ–ಪಾಲಿಮಾಲ್ಟೋಸ್ ಆಗಲೇ ಬಳಕೆಯಲ್ಲಿದ್ದವು. ಡೆಕ್ಸ್‌ಟ್ರಾನಿನ ಸಂಕೀರ್ಣಕ್ಕೆ ತೀವ್ರ ಅಲರ್ಜಿಯ ಕೆಟ್ಟ ಹೆಸರಿತ್ತು. ಪಾಲಿಮಾಲ್ಟೋಸ್ ಅತಿ ಹತ್ತಿರದ ನೆಂಟ. ಅದಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಆ ತುದಿ.

ಅರ್ಜಿದಾರರು ಎಡವುವ ಜಾಗ ಇದೇ. ಹತ್ತಿರದ ಹಳೆಯ ವಸ್ತುವನ್ನು ಪರೀಕ್ಷಕರು ಮುಂದಿಟ್ಟಾಗ ‘ಅವರು ಹೈಪೋಕ್ಲೋರೈಟ್ ಬಳಸಿಲ್ಲ’ ಎಂಬ ಉತ್ತರ ವಸ್ತುವಿನ ಕ್ಲೇಮಿಗೆ ಉತ್ತರವೇ ಅಲ್ಲ. ಆ ಹಳೆಯ ವಸ್ತುವನ್ನು ಅವರ ವಿಧಾನದಲ್ಲೇ ತಯಾರಿಸಿ, ನಿಮ್ಮದರ ಪಕ್ಕಕ್ಕಿಟ್ಟು, ಒಂದೇ ಉಪಕರಣದಲ್ಲಿ ಒಂದೇ ಮಾನಕದಿಂದ ಅಳೆದ ಅಣುತೂಕ, ಕಾರ್ಬಾಕ್ಸಿಲ್ ಪ್ರಮಾಣ, ಕಬ್ಬಿಣದ ಪ್ರಮಾಣ, 121 ಡಿಗ್ರಿಯ ಕ್ರಿಮಿಶುದ್ಧಿಗೆ ಮೊದಲಿನ ಮತ್ತು ನಂತರದ ಅಂಕಿಗಳನ್ನು ಕೊಡಬೇಕು. ಅಳತೆಯ ವಿಧಾನವನ್ನು ನಿರೂಪಣೆಯಲ್ಲಿ ಬರೆಯದೆ ಅಣುತೂಕದ ಮಿತಿ ಹಾಕಿದರೆ ಇನ್ನೊಂದು ಅಪಾಯ: ಜೆಲ್ ಕ್ರೊಮ್ಯಾಟೊಗ್ರಫಿಯಲ್ಲಿ ಮಾನಕ ಬದಲಾದರೆ ಅಂಕಿ ಬದಲಾಗುತ್ತದೆ, ಮಿತಿಯ ಅಂಚಿನಲ್ಲಿರುವ ವಸ್ತು ಒಳಗೋ ಹೊರಗೋ ಎಂದು ಹೇಳಲಾಗುವುದಿಲ್ಲ. ಕಲಂ 10ರ ಕೆಳಗೆ ಅಸ್ಪಷ್ಟತೆಯ ಆಕ್ಷೇಪ ಬರುವುದು ಹೀಗೆ.

ಆಮೇಲೆ ಕಲಂ 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪರಿಣಾಮಕಾರಿತ್ವ ಹೆಚ್ಚದಿದ್ದರೆ ಪೇಟೆಂಟಿಲ್ಲ. ಅದರ ವಿವರಣೆಯ ಪಟ್ಟಿಯಲ್ಲಿ ಲವಣ, ಎಸ್ಟರ್‌ಗಳ ಜೊತೆ ‘ಸಂಕೀರ್ಣ’ಗಳೂ ಇವೆ. 2013ರ ಏಪ್ರಿಲ್ 1ರ ನೋವಾರ್ಟಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಔಷಧದ ಮಟ್ಟಿಗೆ ಇದನ್ನು ಚಿಕಿತ್ಸಕ ಪರಿಣಾಮವೆಂದೇ ಓದಿತು. ಸ್ಥಿರತೆ, ತೇವ ಹೀರದಿರುವುದು ಇತ್ಯಾದಿ ಅದಕ್ಕೆ ಸಾಲವು. ಹಾಗಾಗಿ ‘ಬಿಸಿಗೆ ಕೆಡುವುದಿಲ್ಲ’ ಎಂಬುದೊಂದನ್ನೇ ನೆಚ್ಚಿ ವಸ್ತುವಿನ ಕ್ಲೇಮನ್ನು 3(ಡಿ) ದಾಟಿಸಲು ಹೊರಡುವುದು ದುರ್ಬಲ ದಾರಿ. ಹೊಸ ವಸ್ತುವೇ ಇದು, ಹಳೆಯದರ ರೂಪಾಂತರವಲ್ಲ ಎಂದು ತೋರಿಸಬೇಕು. ಇಲ್ಲವೇ ಚಿಕಿತ್ಸೆಯಲ್ಲಿನ ಮೇಲುಗೈಯ ಅಂಕಿಗಳು ಬೇಕು.

ಪ್ರಕ್ರಿಯೆಯೆಂದು ಓದಿದರೆ

ಇದೇ ಹಂತಗಳನ್ನು ‘ತಯಾರಿಸುವ ಪ್ರಕ್ರಿಯೆ’ ಎಂದು ಬರೆದರೆ ಪರೀಕ್ಷೆ ಬೇರೆ. ಈಗ ‘ಜಲದ್ರಾವಣ’, ‘ಕ್ಷಾರೀಯ’, ಸೇರಿಸುವ ಕ್ರಮ, ತಾಪ, ಹೊತ್ತು ಎಲ್ಲಕ್ಕೂ ತೂಕ ಬರುತ್ತದೆ. ಹಳೆಯ ಒಂದೇ ದಾಖಲೆಯಲ್ಲಿ ಎಲ್ಲ ಹಂತಗಳೂ ಇದ್ದರಷ್ಟೇ ಹೊಸತನ ಹೋಗುತ್ತದೆ. ಒಂದು ಹಂತ ಬೇರೆಯಾದರೂ ಹೊಸತನ ಉಳಿಯುತ್ತದೆ. ಆದರೆ ಹೊಸತನ ಉಳಿದದ್ದು ಅರ್ಧ ಗೆಲುವೂ ಅಲ್ಲ.

ಹೈಪೋಕ್ಲೋರೈಟಿನಿಂದ ಪಿಷ್ಟವನ್ನು ಉತ್ಕರ್ಷಿಸುವುದು ಕೈಗಾರಿಕೆಗೆ ಬಹಳ ಹಳೆಯ ವಿದ್ಯೆ. ಕಬ್ಬಿಣದ ಲವಣವನ್ನು ಸಕ್ಕರೆಯ ಸರಪಳಿಯೊಂದಿಗೆ ಕ್ಷಾರದಲ್ಲಿ ಕೂಡಿಸುವುದೂ ಹಳೆಯದೇ. ಎರಡನ್ನೂ ಪಕ್ಕಕ್ಕಿಟ್ಟು ‘ಕೂಡಿಸಿದರಾಯಿತು’ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಕಲಂ 2(1)(ಜೆಎ) ಕೇಳುವುದು ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ, ಜೊತೆಗೆ ಕುಶಲ ಕೆಲಸಗಾರನಿಗೆ ಸಹಜವಾಗಿ ಹೊಳೆಯದಿರುವಿಕೆ. ಇದಕ್ಕೆ ನಿಲ್ಲುವ ಉತ್ತರ ಹಂತಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಮಿತಿಗಳ ಒಳಗೂ ಹೊರಗೂ ಮಾಡಿದ ಪ್ರಯೋಗದಲ್ಲಿ ಸಿಗುತ್ತದೆ: ಸಮಾನಾಂಕ 5ಕ್ಕಿಂತ ಕೆಳಗೆ ಏನಾಗುತ್ತದೆ, 20ರ ಮೇಲೆ ಏನಾಗುತ್ತದೆ, ಹೈಪೋಕ್ಲೋರೈಟ್ ಎರಡು ಪಾಲಾದರೆ ಅಣುತೂಕ ಎಲ್ಲಿಗೆ ಹೋಗುತ್ತದೆ. ಅಂಚಿನಲ್ಲಿ ಫಲಿತಾಂಶ ಥಟ್ಟನೆ ಕೆಟ್ಟರೆ ಆ ಅಂಕಿ ಆರಿಸಿದ್ದಕ್ಕೆ ಕಾರಣವಿದೆ. ಏನೂ ಬದಲಾಗದಿದ್ದರೆ ಅದು ಬರಿಯ ಅಂಕಿ. ಇಂಥ ಹೋಲಿಕೆಯ ಪ್ರಯೋಗಗಳನ್ನು ಅರ್ಜಿಯ ದಿನಕ್ಕೆ ಮೊದಲು ಮಾಡಿ ನಿರೂಪಣೆಗೆ ಸೇರಿಸದವರು ಮೊದಲ ಪರೀಕ್ಷಾ ವರದಿ ಬಂದ ಮೇಲೆ ಪ್ರಯೋಗಾಲಯಕ್ಕೆ ಓಡುತ್ತಾರೆ; ಉತ್ತರಕ್ಕೆ ಇರುವುದು ಆರು ತಿಂಗಳು, ಕೇಳಿಕೊಂಡರೆ ಇನ್ನು ಮೂರು.

ಕಲಂ 3(ಡಿ)ಯ ಬಾಲದಲ್ಲೂ ಪ್ರಕ್ರಿಯೆಗೆ ಒಂದು ಗೇಟಿದೆ. ಗೊತ್ತಿರುವ ಪ್ರಕ್ರಿಯೆಯ ಬರಿಯ ಬಳಕೆ ಆವಿಷ್ಕಾರವಲ್ಲ, ಅದರಿಂದ ಹೊಸ ಉತ್ಪನ್ನ ಬಂದರೆ ಅಥವಾ ಹೊಸ ಪ್ರತಿವರ್ತಕ ಒಂದಾದರೂ ಇದ್ದರೆ ಹೊರತು. ಇಲ್ಲಿ ಒಂದು ತಮಾಷೆ ಇದೆ: ಪ್ರಕ್ರಿಯೆ ಹಳೆಯದು ಎಂಬ ಆಕ್ಷೇಪಕ್ಕೆ ವಸ್ತು ಹೊಸದು ಎಂಬುದೇ ಉತ್ತರ. ಆದ್ದರಿಂದ ಎರಡು ಕ್ಲೇಮುಗಳನ್ನೂ ಒಂದೇ ಸಾಕ್ಷ್ಯದ ಮೇಲೆ ನಿಲ್ಲಿಸಿದ್ದರೆ, ಸಾಕ್ಷ್ಯ ಕುಸಿದಾಗ ಎರಡೂ ಒಟ್ಟಿಗೆ ಕುಸಿಯುತ್ತವೆ.

ಹೈಕೋರ್ಟಿನಲ್ಲಿ

2023ರ ಜುಲೈನಲ್ಲಿ ಏಕಸದಸ್ಯ ಪೀಠ ಮಧ್ಯಂತರ ತಡೆಯಾಜ್ಞೆಯನ್ನು ನಿರಾಕರಿಸಿತು. ಕ್ಲೇಮ್ 1 ಪ್ರಕ್ರಿಯೆಯ ಮೂಲಕ ಹೇಳಿದ ಉತ್ಪನ್ನದ ಕ್ಲೇಮ್, ಹಾಗಾಗಿ ರಕ್ಷಣೆ ಆ ಪ್ರಕ್ರಿಯೆಯಿಂದ ಬಂದ ಉತ್ಪನ್ನಕ್ಕೆ ಸೀಮಿತ ಎಂಬುದು ಅದರ ಓದು. ಈ ಓದಿಗೆ ಅಮೆರಿಕದಲ್ಲಿ ಬೆಂಬಲವಿದೆ: 2009ರ ಅಬಾಟ್ ವಿರುದ್ಧ ಸ್ಯಾಂಡೋಜ್ ತೀರ್ಪಿನಲ್ಲಿ ಫೆಡರಲ್ ಸರ್ಕ್ಯೂಟಿನ (ಅಲ್ಲಿನ ಪೇಟೆಂಟ್ ಮೇಲ್ಮನವಿ ನ್ಯಾಯಾಲಯ) ಪೂರ್ಣ ಪೀಠ, ಉಲ್ಲಂಘನೆಯ ವಿಚಾರದಲ್ಲಿ ಪ್ರಕ್ರಿಯೆಯ ಮಾತುಗಳು ಮಿತಿಗಳೇ ಎಂದಿತ್ತು. ಇದರಿಂದ ಹುಟ್ಟುವುದು ಒಂದು ವಿಚಿತ್ರ ಅಸಮತೋಲ. ಪೇಟೆಂಟ್ ಕೇಳಿದಾಗ ಕಾನೂನು ‘ಪ್ರಕ್ರಿಯೆ ಲೆಕ್ಕಕ್ಕಿಲ್ಲ, ವಸ್ತುವೇ ಹೊಸದಾಗಿರಲಿ’ ಎನ್ನುತ್ತದೆ. ಪೇಟೆಂಟ್ ಕೊಟ್ಟ ಮೇಲೆ ಅದೇ ಕಾನೂನು ‘ವಸ್ತು ಒಂದೇ ಆದರೆ ಸಾಲದು, ಪ್ರಕ್ರಿಯೆಯೂ ಒಂದೇ ಇರಲಿ’ ಎನ್ನುತ್ತದೆ. ಥೋರ್ಪ್ ತೀರ್ಪು ಬರೆದ ನ್ಯಾಯಮೂರ್ತಿ ಪಾಲಿನ್ ನ್ಯೂಮನ್ ಅವರೇ 2009ರಲ್ಲಿ ಭಿನ್ನಮತ ಬರೆದದ್ದು ಆಕಸ್ಮಿಕವಲ್ಲ. ಜಪಾನಿನ ಸುಪ್ರೀಂ ಕೋರ್ಟ್ 2015ರ ಪ್ರಾವಾಸ್ಟಾಟಿನ್ ಪ್ರಕರಣದಲ್ಲಿ ಇಂಥ ಕ್ಲೇಮನ್ನು ಎರಡೂ ಕಡೆ ವಸ್ತುವೆಂದೇ ಓದಬೇಕೆಂದಿತು. ಆದರೆ ವಸ್ತುವನ್ನು ನೇರವಾಗಿ ಹೇಳುವುದು ಅಸಾಧ್ಯವೋ ಅಪ್ರಾಯೋಗಿಕವೋ ಆಗಿದ್ದಾಗ ಮಾತ್ರ ಕ್ಲೇಮ್ ಸ್ಪಷ್ಟವೆನಿಸುತ್ತದೆ ಎಂಬ ಷರತ್ತು ಹಾಕಿತು.

ವೀಫೋರ್ ಮೇಲ್ಮನವಿಯನ್ನು ವಿಭಾಗೀಯ ಪೀಠ 2024ರ ಫೆಬ್ರುವರಿ 7ರಂದು ತೀರ್ಮಾನಿಸಿ ಏಕಸದಸ್ಯ ಪೀಠದ ಆದೇಶವನ್ನು ರದ್ದುಗೊಳಿಸಿತು. ಕ್ಲೇಮಿನಲ್ಲಿ ಪ್ರಕ್ರಿಯೆಯ ಮಾತುಗಳಿವೆ ಎಂದ ಮಾತ್ರಕ್ಕೆ ಹೊಸ ವಸ್ತುವಿನ ಕ್ಲೇಮ್ ಆ ಪ್ರಕ್ರಿಯೆಗೆ ಕಟ್ಟುಬೀಳುವುದಿಲ್ಲ. ನೋಡಬೇಕಾದದ್ದು ಆವಿಷ್ಕಾರ ವಸ್ತುವಿನಲ್ಲಿದೆಯೋ ದಾರಿಯಲ್ಲಿದೆಯೋ ಎಂಬುದನ್ನು. ಕಲಂ 48 ಕೂಡ ಹೀಗೆಯೇ ಎರಡಾಗಿದೆ. (ಎ) ಉತ್ಪನ್ನದ ಪೇಟೆಂಟಿಗೆ: ಹೇಗೆ ಮಾಡಿದರೂ ತಡೆಯುವ ಹಕ್ಕು. (ಬಿ) ಪ್ರಕ್ರಿಯೆಯ ಪೇಟೆಂಟಿಗೆ: ಪ್ರಕ್ರಿಯೆಯನ್ನೂ, ಅದರಿಂದ ನೇರವಾಗಿ ಬಂದ ಉತ್ಪನ್ನವನ್ನೂ ತಡೆಯುವ ಹಕ್ಕು. ವಸ್ತುವಿನ ಕ್ಲೇಮನ್ನು ಪ್ರಕ್ರಿಯೆಗೆ ಕಟ್ಟಿಹಾಕಿದರೆ (ಎ)ದಲ್ಲಿ ಇರಬೇಕಾದವರನ್ನು (ಬಿ)ಗೆ ದೂಡಿದಂತೆ.

ವಿಭಾಗೀಯ ಪೀಠದ ನಿಲುವೇ ಸರಿಯೆನಿಸುತ್ತದೆ. ಆದರೆ ಅದು ಪೇಟೆಂಟುದಾರರಿಗೆ ಪುಕ್ಕಟೆ ಉಡುಗೊರೆಯಲ್ಲ. ವಸ್ತುವಿನ ಪೂರ್ತಿ ಹಕ್ಕು ಬೇಕೆಂದರೆ ಪರೀಕ್ಷೆಯ ಹೊತ್ತಿನಲ್ಲೂ ವಸ್ತುವಿನ ಮೇಲೆಯೇ ನಿಂತಿರಬೇಕು. ಆಕ್ಷೇಪಕ್ಕೆ ಉತ್ತರ ಕೊಡುವಾಗ ‘ನಮ್ಮ ವಿಶೇಷ ಹೈಪೋಕ್ಲೋರೈಟ್ ಹಂತದಲ್ಲಿದೆ’ ಎಂದು ಬರೆದು ಪಾರಾದವರಿಗೆ ಅದೇ ಕಾಗದ ದಾವೆಯಲ್ಲಿ ಎದುರಾಳಿಯ ಮೊದಲ ಪುರಾವೆಯಾಗುತ್ತದೆ. ವಸ್ತುವಾಗಿ ಗೆದ್ದರೂ ಎದುರಾಳಿಯ ಪುಡಿ ಅದೇ ವಸ್ತುವೇ ಎಂಬ ಪ್ರಶ್ನೆ ಉಳಿಯುತ್ತದೆ. ಬ್ರೋಮಿನ್ ಕೂಡ ತುದಿಯ ಆಲ್ಡಿಹೈಡನ್ನು ಕಾರ್ಬಾಕ್ಸಿಲ್ ಮಾಡುತ್ತದೆ. ಅಣುತೂಕವೂ ಮಿತಿಯೊಳಗಿದ್ದರೆ ವಸ್ತು ಅದೇ. ಟೆಂಪೋ ಎಂಬ ವೇಗವರ್ಧಕ ಬಳಸಿದರೆ ಕಾರ್ಬಾಕ್ಸಿಲ್ ಗ್ಲೂಕೋಸ್ ಘಟಕಗಳ ಆರನೆಯ ಇಂಗಾಲದ ಮೇಲೆ ಸರಪಳಿಯುದ್ದಕ್ಕೂ ಬರುತ್ತದೆ. ಹೆಸರಿಗೆ ಅದೂ ‘ಉತ್ಕರ್ಷಿತ ಮಾಲ್ಟೋಡೆಕ್ಸ್‌ಟ್ರಿನ್’, ವಸ್ತು ಬೇರೆ.

ಅದಕ್ಕೇ ಎರಡೂ ಬಗೆಯ ಕ್ಲೇಮುಗಳನ್ನು ಮೊದಲ ದಿನವೇ ಬೇರೆ ಬೇರೆಯಾಗಿ ಬರೆಯುವುದು ಲೇಸು: ವಸ್ತುವಿಗೆ ‘ತುದಿಯಲ್ಲಿ ಕಾರ್ಬಾಕ್ಸಿಲ್ ಇರುವ’ ಎಂಬಂಥ ರಚನೆಯ ಮಾತು, ಪ್ರಕ್ರಿಯೆಗೆ ಪಾಲು, ಪಿಎಚ್, ತಾಪ, ಹೊತ್ತು, ಕ್ರಮ. ಪ್ರಕ್ರಿಯೆಯ ಕ್ಲೇಮಿಗೆ ಕಲಂ 104ಎ ಕೊಡುವ ಅನುಕೂಲವೂ ಇದೆ. ಹೊಸ ಉತ್ಪನ್ನದ ಪ್ರಕ್ರಿಯೆಯಾಗಿದ್ದು ಎದುರಾಳಿಯ ಉತ್ಪನ್ನ ಅದೇ ಎಂದು ತೋರಿಸಿದರೆ, ತನ್ನ ದಾರಿ ಬೇರೆ ಎಂದು ಸಾಬೀತುಪಡಿಸುವ ಹೊರೆಯನ್ನು ನ್ಯಾಯಾಲಯ ಅವನ ಮೇಲೆ ಹಾಕಬಹುದು. ಮೊದಲು ವಸ್ತುವಿನದಷ್ಟೇ ಬರೆದು ಸಿಕ್ಕಿಬಿದ್ದವರಿಗೂ ಒಂದು ಬಾಗಿಲಿದೆ. 2022ರ ಜುಲೈ 5ರ ನಿಪ್ಪಾನ್ ಎ ಆ್ಯಂಡ್ ಎಲ್ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್, ಪ್ರಕ್ರಿಯೆಯ ಮೂಲಕ ಹೇಳಿದ ಉತ್ಪನ್ನದ ಕ್ಲೇಮನ್ನು ಬರಿಯ ಪ್ರಕ್ರಿಯೆಯ ಕ್ಲೇಮಾಗಿ ಬದಲಿಸುವುದು ಕಲಂ 59ರ ಕೆಳಗೆ ಒಪ್ಪತಕ್ಕ ತಿದ್ದುಪಡಿ ಎಂದಿತು. ಅದು ವ್ಯಾಪ್ತಿಯನ್ನು ಕಿರಿದುಮಾಡುತ್ತದೆಯೇ ಹೊರತು ಹಿಗ್ಗಿಸುವುದಿಲ್ಲ. ಇದರ ಉಲ್ಟಾ, ಅಂದರೆ ಪ್ರಕ್ರಿಯೆಯಿಂದ ವಸ್ತುವಿಗೆ ಹಾರಲು ಹೊರಟರೆ, ವ್ಯಾಪ್ತಿ ಹಿಗ್ಗುತ್ತದೆ. ಆ ಕಲಂ ಅದಕ್ಕೆ ಅವಕಾಶ ಕೊಡುವುದಿಲ್ಲ.

ವೀಫೋರ್ ಪರವಾಗಿ ಆದೇಶ ಬರುವಷ್ಟರಲ್ಲಿ ಪೇಟೆಂಟ್ ಮುಗಿದು ಮೂರೂವರೆ ತಿಂಗಳಾಗಿತ್ತು. ತಡೆಯಲು ಏನೂ ಉಳಿದಿರಲಿಲ್ಲ. ಉಳಿದದ್ದು ಅವಧಿಯೊಳಗಿನ ಮಾರಾಟಕ್ಕೆ ಸಂಬಂಧಿಸಿದ ನಷ್ಟಪರಿಹಾರದ ಪ್ರಶ್ನೆ.